ಚಾಚಿದ ಕೈ, ಹಿಡಿದ ತಟ್ಟೆ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



"ಟೀಚರ್, ನಿಮ್ಮ ಲಂಡನ್ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ. ಥೇಮ್ಸ್ ನದಿಯನ್ನೂ ಅರಮನೆಯನ್ನೂ ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ನಾನು ಅಲ್ಲಿ ಕಂಡ ಒಬ್ಬ ಭಿಕ್ಷುಕನ ವಿಷಯ ಹೇಳುತ್ತೇನೆ.

ಮಗನ ಮನೆಯ ಸಮೀಪದ ಸುರಂಗ ರೈಲು ನಿಲ್ದಾಣದ ಬಾಗಿಲಲ್ಲಿ ಆತ ಕುಳಿತಿರುತ್ತಿದ್ದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಾಲಿನ ಮೇಲೆ ಕಂಬಳಿ, ಪಕ್ಕದಲ್ಲಿ ನಾಯಿ, ಮುಂದೆ ಕಾಗದದ ಲೋಟ. ಹೋಗಿಬರುವ ಎಲ್ಲರಿಗೂ ಶುಭೋದಯ ಹೇಳುತ್ತಿದ್ದ. ಮೊದಲ ದಿನ ನಾನು ಮುಖ ತಿರುಗಿಸಿಕೊಂಡು ನಡೆದೆ. "ನಮ್ಮನ್ನು ಆಳಿದವರ ಊರಿನಲ್ಲಿಯೂ ಭಿಕ್ಷುಕರಿದ್ದಾರೆ" ಎಂಬ ಅಲ್ಪವಾದ ಸಮಾಧಾನವೊಂದು ಮನಸ್ಸಿನಲ್ಲಿ ಸುಳಿಯಿತು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಕೆಲವು ದಿನಗಳ ಬಳಿಕ ಮಗ ಆತನಿಗೆ ಚಹಾ ಕೊಡಿಸಿದ. ನಾನೂ ನಿಂತೆ. ಆತ ನನ್ನ ಊರು ಕೇಳಿದ. ಧರ್ಮಪುರಿ ಎಂದೆ. "ಅಲ್ಲಿ ಈಗ ಮಳೆ ಇದೆಯೇ?" ಎಂದ. ಆ ದೇಶದಲ್ಲಿ ಹವಾಮಾನದ ಮಾತು ಬರಿಯ ಶಿಷ್ಟಾಚಾರವೆಂದು ಬಲ್ಲೆ. ಆದರೂ ಆಕಾಶ ನೋಡಿ ಬದುಕುವ ಒಣಸೀಮೆಯವಳಾದ ನನಗೆ ಆ ಮಾತು ನಾಟಿತು. ಲಂಡನ್ನಿನಲ್ಲಿ ನಮ್ಮೂರಿನ ಮಳೆಯನ್ನು ವಿಚಾರಿಸಿದವನು ಆತನೊಬ್ಬನೇ.

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಆ ದೇಶದ ಬೀದಿಗಳಲ್ಲಿ ನಿರ್ಗತಿಕರು ತುಂಬಿದ್ದರು. ಸೇನೆಯಿಂದ ಬಿಡುಗಡೆಯಾದ ಸೈನಿಕರೂ ಅವರಲ್ಲಿದ್ದರು. ಅವರಿಗೆ ನೆಲೆ ಕಾಣಿಸುವ ಬದಲು 1824ರಲ್ಲಿ ಕಾಯಿದೆ ಮಾಡಿ, ಬೇಡುವುದನ್ನು ಅಪರಾಧವೆಂದರು. ನಮ್ಮ ಮದ್ರಾಸು ಪ್ರಾಂತಕ್ಕೂ 1945ರಲ್ಲಿ ಭಿಕ್ಷಾಟನೆ ತಡೆಯುವ ಕಾಯಿದೆ ಬಂತು. ಬಡತನವನ್ನು ನಿವಾರಿಸುವುದಕ್ಕಿಂತ ಬಡವನನ್ನು ಕಣ್ಣಿಂದ ಮರೆಮಾಡುವುದು ಎಲ್ಲ ಸರಕಾರಗಳಿಗೂ ಸುಲಭ.

ಬೇಡುವವರು ಬೇರೆಯೇ ಜಾತಿಯ ಮನುಷ್ಯರೆಂದು ನಾವು ತಿಳಿದಿದ್ದೇವೆ. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ನೆನೆಯಿರಿ. ಧರ್ಮಪುರಿ ಆಗ ಸೇಲಂ ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1965ರಲ್ಲಿ. ಆ ಕ್ಷಾಮ ಬಹಳವಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಸೇಲಂ ಒಂದು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿ, ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಮೇಲೆ ಅಲ್ಪ ಕಾಸು. ಅನ್ನಕ್ಕಾಗಿ ಅಂದು ಕೈಚಾಚಿದವರು ಹೊಲ ಉತ್ತವರು, ಮಗ್ಗ ನೇಯ್ದವರು. ಇಲ್ಲಿ ಕುಳಿತಿರುವ ನಮ್ಮಲ್ಲಿ ಯಾರ ಮುತ್ತಜ್ಜಿ ಯಾರ ಬಾಗಿಲಲ್ಲಿ ನಿಂತಿದ್ದಳೋ ಬಲ್ಲವರಾರು?

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಏಳನೆಯ ತರಗತಿಗೆ "ಭಿಕ್ಷಾಟನೆ ಒಂದು ಸಾಮಾಜಿಕ ಪಿಡುಗು" ಎಂಬ ಪ್ರಬಂಧ ಬರೆಯಿಸಿದೆ. ಸೋಮಾರಿತನವೇ ಅದರ ಮೂಲವೆಂದು ಕರಿಹಲಗೆಯ ಮೇಲೆ ಮೊದಲ ಅಂಶವಾಗಿ ಬರೆದವಳೂ ನಾನೇ. ಮರುದಿನದಿಂದ ಒಬ್ಬ ಹುಡುಗ ಬರಲಿಲ್ಲ. ವಾರವಾದ ಮೇಲೆ ವಿಚಾರಿಸಿದಾಗ ತಿಳಿಯಿತು: ಅವನ ಅಜ್ಜಿ ಬಸ್ ನಿಲ್ದಾಣದಲ್ಲಿ ಬೇಡಿ ಅವನನ್ನು ಸಾಕುತ್ತಿದ್ದಳು. ನಾನು ಮನೆಗೆ ಹೋದೆ. ಆ ಮುದುಕಿ ನನ್ನನ್ನು ಬೈಯಲಿಲ್ಲ. "ಅಮ್ಮಾ, ಅವನು ಬೇಡಬಾರದೆಂದೇ ನಾನು ಬೇಡುತ್ತಿದ್ದೇನೆ" ಎಂದಳು. ಹುಡುಗ ಮರಳಿ ಬಂದ. ಆದರೆ ಹಿಂದಿನ ಬೆಂಚಿನಿಂದ ಮುಂದಕ್ಕೆ ಎಂದೂ ಬರಲಿಲ್ಲ. ಆ ಪ್ರಬಂಧಕ್ಕೆ ಅಂಕ ಕೊಟ್ಟ ನನಗೆ ಅಂಕ ಕೊಟ್ಟವಳು ಆ ಅಜ್ಜಿ.

2021ರಲ್ಲಿ ಬೀದಿ ಭಿಕ್ಷುಕರನ್ನು ತಡೆಯಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ವಿದ್ಯೆ ಉದ್ಯೋಗಗಳಿಲ್ಲದೆ ಜನ ಬೀದಿಗೆ ಬರುತ್ತಾರೆ ಎಂಬ ಅರ್ಥದ ಮಾತು ನ್ಯಾಯಪೀಠದಿಂದ ಬಂತು. ವಿದ್ಯೆ ಎಂಬ ಮಾತು ಬಂದಲ್ಲಿ ಹೊಣೆ ನಮ್ಮ ಬಾಗಿಲಿಗೆ ಬಂದಂತೆಯೇ.

ಈ ರಾಜ್ಯದ ಶಾಲೆಗಳು ಆ ಹೊಣೆಯನ್ನು ಸ್ವಲ್ಪಮಟ್ಟಿಗೆ ಹೊತ್ತಿವೆ. ಕಾಮರಾಜರ ಕಾಲದ ಮಧ್ಯಾಹ್ನದ ಊಟ, 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದ ಪೌಷ್ಟಿಕ ಆಹಾರ, 2022ರಲ್ಲಿ ಆರಂಭವಾದ ಬೆಳಗಿನ ಉಪಾಹಾರ. ಸಾಲಿನಲ್ಲಿ ನಿಂತ ಮಗು ಹಿಡಿಯುವ ತಟ್ಟೆಯೂ ಚಾಚಿದ ಕೈಯೇ. ಆದರೆ ಅಲ್ಲಿ ಬೇಡಿಕೆಯಿಲ್ಲ, ಹಕ್ಕಿದೆ. ಆದ್ದರಿಂದ ಆ ಮಗು ತಲೆ ತಗ್ಗಿಸುವುದಿಲ್ಲ. ಬಡಿಸುವವರು ಗದರಿದರೆ ಮಾತ್ರ ಅದೇ ತಟ್ಟೆ ಭಿಕ್ಷಾಪಾತ್ರೆಯಾಗುತ್ತದೆ. ಸಹೋದ್ಯೋಗಿಗಳು ಇದನ್ನು ನೆನಪಿಡಬೇಕು. ಮೂರು ದಿನ ಬಾರದ ಮಗುವಿನ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಿ ಸುಮ್ಮನಾಗದೆ, ಅದರ ಮನೆಯವರೆಗೆ ನಡೆಯಬೇಕು.

ವಿದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಬೀದಿಯಲ್ಲಿ ಕೈಚಾಚಿದವರಿಗೆ ಕಾಸು ಕೊಡುವುದೂ ಬಿಡುವುದೂ ನಿಮ್ಮ ವಿವೇಚನೆ. ಮಕ್ಕಳನ್ನು ಮುಂದಿಟ್ಟು ಬೇಡಿಸುವವರಿದ್ದಾರೆ. ಅಲ್ಲಿ ಕಾಸಿಗಿಂತ ಆ ಮಕ್ಕಳನ್ನು ಶಾಲೆಗೆ ಸೇರಿಸುವ ಪ್ರಯತ್ನವೇ ದೊಡ್ಡ ದಾನ. ಆದರೆ ಕೊಡದಿದ್ದಾಗಲೂ ಮುಖ ನೋಡಿ, ನಮಸ್ಕಾರಕ್ಕೆ ನಮಸ್ಕಾರ ಹೇಳಿ. ಅದಕ್ಕೆ ಯಾವ ನಾಣ್ಯವೂ ಬೇಡ.

ಲಂಡನ್ ಬಿಡುವ ದಿನ ನಾನು ಆ ನಿಲ್ದಾಣದ ಬಳಿ ಹೋದೆ. ಆತ ಅಲ್ಲಿರಲಿಲ್ಲ. ಊರಿಗೆ ಮರಳಿದ ವಾರದಲ್ಲಿ ಇಲ್ಲಿ ಚೆನ್ನಾಗಿ ಮಳೆಯಾಯಿತು. ಅದನ್ನು ಆತನಿಗೆ ತಿಳಿಸುವ ಬಗೆ ನನಗೆ ಇಂದಿಗೂ ಗೊತ್ತಿಲ್ಲ; ಆದ್ದರಿಂದ ನಿಮಗೆ ತಿಳಿಸಿದೆ.