ಬ್ರೆಕ್ಸಿಟ್, ನಮ್ಮ ಬೀದಿ ಮತ್ತು ನನ್ನ ಒಂದು ಮತ

ಈ ವಾರ ಮಾತಾಡಲು ನಮ್ಮ ರೇಡಿಯೋದ ಹುಡುಗ ಹುಡುಗಿಯರು ಕೊಟ್ಟ ವಿಷಯ ಬ್ರೆಕ್ಸಿಟ್. "ಅಂಕಲ್, ಸ್ಕೂಲಿನಲ್ಲಿ ಓದಿದ್ದೀವಿ. ಆದರೆ ಆಗ ನಮ್ಮ ಕನ್ನಡದವರ ಮನೆಗಳಲ್ಲಿ ಏನು ಮಾತಾಡ್ತಿದ್ರು, ಅದನ್ನ ಹೇಳಿ" ಎಂದರು. ಆಗಲಿ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

2016ರ ಜೂನ್ 23, ಗುರುವಾರ. ಲಂಡನ್ ಸುತ್ತಮುತ್ತ ಎಂಥ ಮಳೆ ಅಂತೀರಿ! ಕೆಲವು ಕಡೆ ಮತಗಟ್ಟೆಗೇ ನೀರು ನುಗ್ಗಿ ಮುಚ್ಚಬೇಕಾಯಿತು. ನಾನಿರುವುದು ಸ್ಲೌನಲ್ಲಿ. ಕೆಲಸ ಮುಗಿಸಿ, ಕೊಡೆ ಹಿಡಿದು, ಮಕ್ಕಳ ಶಾಲೆಯ ಹಾಲಿನಲ್ಲಿ ಸಾಲು ನಿಂತು ಮತ ಹಾಕಿ ಬಂದೆ. ಕಾಗದದಲ್ಲಿ ಇದ್ದದ್ದು ಎರಡೇ ಚೌಕ: ಯುರೋಪಿಯನ್ ಯೂನಿಯನ್‌ನಲ್ಲಿ ಇರಬೇಕು, ಅಥವಾ ಬಿಡಬೇಕು.

ನಿಮಗೆ ಆಶ್ಚರ್ಯವಾಗಬಹುದು, ಆಗ ನನ್ನ ಕೈಯಲ್ಲಿದ್ದದ್ದು ಇಂಡಿಯನ್ ಪಾಸ್‌ಪೋರ್ಟ್. ಈ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳವರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತವಿದೆ. ಆ ಜನಮತಗಣನೆಗೂ ಅದೇ ಪಟ್ಟಿಯನ್ನು ಇಟ್ಟುಕೊಂಡರು. ಆದರೆ ನಮ್ಮ ಬಲಗಡೆ ಮನೆಯ ಪೋಲಿಷ್ ದಂಪತಿಗೆ ಮತ ಇರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಯುರೋಪಿನ ಬೇರೆ ಯಾರಿಗೂ ಇರಲಿಲ್ಲ. ಯಾರ ಬದುಕು ಅಲ್ಲಾಡುವುದಿತ್ತೋ ಅವರು ಮನೆಯಲ್ಲಿ ಟಿವಿ ನೋಡುತ್ತಾ ಕೂತಿದ್ದರು. ನಮ್ಮ ಮನೆಯಲ್ಲಿ ಇನ್ನೊಬ್ಬಳೂ ಹಾಗೇ ಕೂತಿದ್ದಳು, ಹದಿನೇಳು ವರ್ಷದ ನನ್ನ ಮಗಳು. 2014ರಲ್ಲಿ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ಹದಿನಾರು ವರ್ಷದವರೂ ಮತ ಹಾಕಿದ್ದರು. ಈ ಸಲವೂ ಹಾಗೇ ಆಗಲಿ ಎಂದು ಹೌಸ್ ಆಫ್ ಲಾರ್ಡ್ಸ್ ತಿದ್ದುಪಡಿ ಕಳಿಸಿತು, ಕೆಳಮನೆ ಒಪ್ಪಲಿಲ್ಲ. "ನಾನು ಅರವತ್ತು ವರ್ಷ ಇದರ ಜೊತೆ ಬದುಕಬೇಕು, ನೀವು ಇಪ್ಪತ್ತೈದು" ಎಂದು ಅವಳು ಲೆಕ್ಕ ಹಾಕಿ ಹೇಳಿದ್ದಳು. ಲೆಕ್ಕದಲ್ಲಿ ಸ್ವಲ್ಪ ಜಿಪುಣತನ ತೋರಿಸಿದಳು ಎಂದು ನನಗೆ ಬೇಸರವಾಯಿತು!

ಪ್ರಚಾರದ ಮಾತು ಕೇಳಿ. ಕೆಂಪು ಬಸ್ಸಿನ ಮೇಲೆ ಬರೆದಿದ್ದರು, ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದಿರಲೇ ಇಲ್ಲ. ದೇಶದ ಅಂಕಿಅಂಶ ಪ್ರಾಧಿಕಾರವೇ ಈ ಲೆಕ್ಕ ದಾರಿ ತಪ್ಪಿಸುವಂಥದ್ದು ಎಂದಿತು. ಇರಬೇಕು ಎನ್ನುವವರೂ ಸಾಚಾ ಅಲ್ಲ. ಬಿಟ್ಟರೆ ತುರ್ತು ಬಜೆಟ್ ತಂದು ತೆರಿಗೆ ಏರಿಸಬೇಕಾಗುತ್ತದೆ ಎಂದು ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಹೆದರಿಸಿದರು, ಆ ಬಜೆಟ್ ಬರಲೇ ಇಲ್ಲ. ನಮ್ಮಂಥವರಿಗಾಗಿ ಬೇರೆಯೇ ಗಾಳ ಇತ್ತು. ಯುರೋಪಿನವರು ಬೇಕಾಬಿಟ್ಟಿ ಬರುವುದು ನಿಂತರೆ ನಮ್ಮ ದೇಶಗಳ ಬಾಣಸಿಗರಿಗೆ ವೀಸಾ ಸಿಕ್ಕೀತು, ಕರಿ ಹೋಟೆಲುಗಳು ಉಳಿದಾವು ಎಂದು ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಪ್ರಚಾರ ಮಾಡಿದರು. ಯುಗಾದಿ, ರಾಜ್ಯೋತ್ಸವದ ಊಟದ ಸಾಲಿನಲ್ಲೂ ಇದೇ ಮಾತು. "ಅವರಿಗೆ ಬಾಗಿಲು ತೆಗೆದೇ ಇದೆ, ನಾವು ಮಾತ್ರ ಪ್ರತಿ ಸಲ ಫೀಸು ಕಟ್ಟಿ ಕಾಯಬೇಕು."

ಬೆಳಗ್ಗೆ ಎದ್ದರೆ ಫಲಿತಾಂಶ: ಬಿಡಬೇಕು ಶೇಕಡಾ 51.9, ಇರಬೇಕು 48.1. ಅಂತರ ಸುಮಾರು 12.7 ಲಕ್ಷ ಮತ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್, ಲಂಡನ್ ಇರಬೇಕು ಎಂದವು. ನಮ್ಮ ಸ್ಲೌ, ಇಷ್ಟೊಂದು ಏಷ್ಯಾದವರಿರುವ ಊರು, ಬಿಡಬೇಕು ಎಂದಿತು.

ನಿಜವಾದ ಚರ್ಚೆ ಶುರುವಾದದ್ದು ಆಮೇಲೆ. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ತಪ್ಪು. ನಮ್ಮ ಊರ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ನೋಡಿದ್ದೇನೆ. ಪಾಲು ಬೇಕು ಎನ್ನುವುದಕ್ಕೆ ಒಂದು ನಿಮಿಷ ಸಾಕು. ಹೊಲ ಅಳೆಯಬಹುದು, ಪಾತ್ರೆ ಎಣಿಸಬಹುದು. ಹಿತ್ತಿಲಲ್ಲಿ ಎರಡು ಮನೆಗೂ ಸೇರಿದ ಒಂದು ಬಾವಿ ಇರುತ್ತದಲ್ಲ, ಅಲ್ಲಿ ಪಂಚಾಯ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ರೆಕ್ಸಿಟ್‌ನ ಬಾವಿ ಐರ್ಲೆಂಡಿನ ಗಡಿ. ಸುಮಾರು 500 ಕಿಲೋಮೀಟರ್ ಉದ್ದ. 1998ರ ಗುಡ್ ಫ್ರೈಡೇ ಒಪ್ಪಂದದಿಂದ ಮೂವತ್ತು ವರ್ಷದ ರಕ್ತಪಾತ ನಿಂತಿತ್ತು. ಆಮೇಲೆ ಆ ಗಡಿಯಲ್ಲಿ ಸೈನಿಕರಿಲ್ಲ, ಚೆಕ್‌ಪೋಸ್ಟ್ ಇಲ್ಲ. ಎರಡೂ ಕಡೆ ಒಂದೇ ಮಾರುಕಟ್ಟೆ, ಒಂದೇ ಸುಂಕ ಇದ್ದದ್ದರಿಂದ ಲಾರಿ ನಿಲ್ಲಿಸುವ ಅಗತ್ಯವೂ ಇರಲಿಲ್ಲ. ಈಗ ಒಂದು ಕಡೆ ಯುರೋಪಿನ ನಿಯಮ, ಇನ್ನೊಂದು ಕಡೆ ಬ್ರಿಟನ್ನಿನ ನಿಯಮ ಎಂದಾದರೆ ಸರಕನ್ನು ಎಲ್ಲೋ ಒಂದು ಕಡೆ ತಪಾಸಣೆ ಮಾಡಲೇಬೇಕು. ಎಲ್ಲಿ ಮಾಡುವುದು? ಮತಪತ್ರದಲ್ಲಿ ಅದಕ್ಕೆ ಚೌಕ ಇರಲಿಲ್ಲ.

2017ರ ಮಾರ್ಚ್ 29ರಂದು ತೆರೇಸಾ ಮೇ ಅಧಿಕೃತವಾಗಿ ಪತ್ರ ಕೊಟ್ಟರು, ಎರಡು ವರ್ಷದ ಗಡಿಯಾರ ಓಡತೊಡಗಿತು. ಯುರೋಪಿನ ಕಡೆಯಿಂದ ಮಾತಿಗೆ ಕೂತವರು ಮಿಶೆಲ್ ಬಾರ್ನಿಯೇ. ಬಾಕಿ ಹಣ, ಅತ್ತ ಇತ್ತ ನೆಲೆಸಿದ ಜನರ ಹಕ್ಕು, ಐರ್ಲೆಂಡ್, ಈ ಮೂರು ಇತ್ಯರ್ಥವಾಗದೆ ವ್ಯಾಪಾರದ ಮಾತೇ ಇಲ್ಲ ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಮೇ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಪಾರ್ಲಿಮೆಂಟ್ 432 ಮತಗಳಿಂದ ತಳ್ಳಿಹಾಕಿತು, ಪರವಾಗಿ ಬಂದದ್ದು 202. ಮಾರ್ಚ್‌ನಲ್ಲಿ ಮತ್ತೆ ಎರಡು ಸಲ ಸೋಲು. ಅದೇ ತಿಂಗಳು 27ರ ರಾತ್ರಿ ಸದಸ್ಯರೇ ಎಂಟು ದಾರಿಗಳನ್ನು ಮತಕ್ಕೆ ಹಾಕಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಇಲ್ಲ! ಏನು ಬೇಡ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಏನು ಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೀರಿಯಲ್ ಬಿಟ್ಟು ಸ್ಪೀಕರ್ ಜಾನ್ ಬರ್ಕೋ "ಆರ್ಡರ್" ಎಂದು ಕೂಗುವುದನ್ನು ನೋಡುತ್ತಿದ್ದೆವು.

ಮುಂದಿನದ್ದು ನಿಮಗೆ ಗೊತ್ತು. ಬೋರಿಸ್ ಜಾನ್ಸನ್ ಬಂದರು, ತಪಾಸಣೆಯನ್ನು ಭೂಗಡಿಯಿಂದ ಐರಿಷ್ ಸಮುದ್ರಕ್ಕೆ ಸರಿಸಿದರು. 2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಹೊರಬಂತು. ವ್ಯಾಪಾರ ಒಪ್ಪಂದ ಆದದ್ದು ಆ ವರ್ಷದ ಡಿಸೆಂಬರ್ 24ಕ್ಕೆ, ಗಡುವಿಗೆ ಒಂದೇ ವಾರ ಉಳಿದಿದ್ದಾಗ.

ಈಗ ನನ್ನ ಮತ. ನಾನು ಬಿಡಬೇಕು ಎನ್ನುವ ಚೌಕಕ್ಕೆ ಗುರುತು ಹಾಕಿದೆ.

ಬಸ್ಸಿನ ಮೇಲಿನ ಬರಹ ನಂಬಿ ಅಲ್ಲ. ನನ್ನ ತಂದೆ 2013ರಲ್ಲಿ ತೀರಿಕೊಂಡರು. ಅಮ್ಮ ಅರಸೀಕೆರೆಯಲ್ಲಿ ಒಬ್ಬರೇ. ಅದಕ್ಕೆ ಒಂದು ವರ್ಷ ಮೊದಲು, 2012ರ ಜುಲೈನಲ್ಲಿ, ವಯಸ್ಸಾದ ತಂದೆ ತಾಯಿಯನ್ನು ಕರೆಸಿಕೊಳ್ಳುವ ನಿಯಮವನ್ನು ಬಿಗಿ ಮಾಡಿದ್ದರು. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಆ ಆರೈಕೆ ಅಲ್ಲಿ ಸಿಗುವುದೇ ಇಲ್ಲ ಎಂದು ಸಾಬೀತು ಮಾಡಬೇಕು. ನನ್ನ ಅರ್ಜಿ ತಿರಸ್ಕೃತವಾಯಿತು. ಅದೇ ಸಮಯದಲ್ಲಿ ಪಕ್ಕದ ಮನೆಗೆ ಅವನ ತಾಯಿ ಪೋಲೆಂಡಿನಿಂದ ಒಂದು ಸೂಟ್‌ಕೇಸ್ ಹಿಡಿದು ಬಂದಿಳಿದರು. ವೀಸಾ ಇಲ್ಲ, ಅರ್ಜಿ ಇಲ್ಲ. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಆ ಹೊಟ್ಟೆಯುರಿ ಮೂರು ವರ್ಷ ಆರಲಿಲ್ಲ. ಮಗಳು ಕೇಳಿದಾಗ "ಮತ ಗುಪ್ತವಾಗಿರಬೇಕು ಕಣೆ" ಎಂದು ನಕ್ಕು ಜಾರಿಕೊಂಡೆ. ನಾನು ಇರಬೇಕು ಎಂದೇ ಹಾಕಿರಬಹುದು ಎಂದು ಅವಳು ಅಂದುಕೊಂಡಳು. ನಾನು ತಿದ್ದಲಿಲ್ಲ.

ಅಮ್ಮ 2018ರಲ್ಲಿ ಹೋದರು. ಆ ನಿಯಮ ಯುರೋಪ್ ಬಿಟ್ಟ ಮೇಲೂ ಸಡಿಲವಾಗಲಿಲ್ಲ. ಅದನ್ನು ಮಾಡಿದ್ದು ಲಂಡನ್, ಬ್ರಸೆಲ್ಸ್ ಅಲ್ಲ. ಇದು ನನಗೆ ಮತ ಹಾಕುವಾಗಲೂ ಗೊತ್ತಿತ್ತು, ಕೋಪ ಅದನ್ನು ಕೇಳಿಸಿಕೊಳ್ಳಲಿಲ್ಲ. ನ್ಯಾಯವಾಗಿ ಇದನ್ನೂ ಹೇಳಬೇಕು: ಆಮೇಲಿನ ವರ್ಷಗಳಲ್ಲಿ ಕೆಲಸದ ವೀಸಾ ಪಡೆದವರಲ್ಲಿ ಭಾರತೀಯರೇ ಮುಂದಿದ್ದರು. ನಮ್ಮ ಕನ್ನಡ ಬಳಗ ದೊಡ್ಡದಾದದ್ದರಲ್ಲಿ ಅದರ ಪಾಲೂ ಇದೆ.

2019ರ ಬೇಸಿಗೆಯಲ್ಲಿ ಒಂದು ಸಂಜೆ ಪಕ್ಕದ ಮನೆಯವನು ಬಾಗಿಲು ತಟ್ಟಿದ. ಇಲ್ಲೇ ಉಳಿಯಲು ಅವರಂಥ ಯುರೋಪಿನವರು ಹೊಸದಾಗಿ ಅರ್ಜಿ ಹಾಕಬೇಕಿತ್ತು. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡುವ ಆ್ಯಪ್ ಆಗ ಐಫೋನಿನಲ್ಲಿ ನಡೆಯುತ್ತಿರಲಿಲ್ಲ, ಅವರ ಮನೆಯಲ್ಲಿ ಇದ್ದದ್ದೆಲ್ಲ ಐಫೋನೇ. "ನಿಮ್ಮ ಆಂಡ್ರಾಯ್ಡ್ ಸ್ವಲ್ಪ ಕೊಡ್ತೀರಾ?" ಎಂದ. ನಮ್ಮ ಊಟದ ಟೇಬಲ್ಲಿನಲ್ಲಿ ಅವನ ತಾಯಿಯನ್ನು ಕೂರಿಸಿ ಮುಖದ ಫೋಟೋ ತೆಗೆದದ್ದು ನಾನೇ. ಮೂರು ಸಲ ತೆಗೆದೆ, ಆಕೆ ಕಣ್ಣು ಮುಚ್ಚುತ್ತಿದ್ದರು. ಮಾರನೇ ದಿನ ಗಸಗಸೆಯ ಕೇಕು ಕಳಿಸಿದರು. ತಿಂದೆ. ಏನೂ ಹೇಳಲಿಲ್ಲ.

ಈ ಮಾತು ರೇಡಿಯೋದಲ್ಲಿ ಬರುವ ಮೊದಲು ಮಗಳಿಗೆ ತಿಳಿಸಬೇಕೆಂದು ಹೋದ ಭಾನುವಾರ ಫೋನ್ ಮಾಡಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ "ಅಜ್ಜಿಗೆ ಇಲ್ಲಿಗೆ ಬರೋಕೆ ಇಷ್ಟ ಇತ್ತಾ, ಅಪ್ಪ? ನೀವು ಕೇಳಿದ್ರಾ?" ಎಂದಳು. ಅರ್ಜಿ ಹಾಕುವ ಗಡಿಬಿಡಿಯಲ್ಲಿ ನಾನು ಕೇಳಿರಲಿಲ್ಲ.

ನಿಮ್ಮ ಪ್ರಶ್ನೆಗಳಿದ್ದರೆ ನಮ್ಮ ರೇಡಿಯೋಗೆ ಬರೆದು ಕಳಿಸಿ. ಇಂಗ್ಲಿಷಿನಲ್ಲಿ ಬರೆದರೂ ಪರವಾಗಿಲ್ಲ, ಓದುತ್ತೇನೆ.