ಎಣ್ಣೆ ಪ್ಲಗ್ಗಿನ ಮೇಲಿದೆಯೋ, ಕೆಳಗಿದೆಯೋ?

ಇವತ್ತು ಕೋಡಿಂಗ್ ಇಲ್ಲ, ಸಂಬಳದ ಲೆಕ್ಕಾಚಾರವೂ ಇಲ್ಲ. ಒಂದು ಹಳೇ ಕಾರಿನ ಕಥೆ. ಪುಣೆಯಲ್ಲಿ ನಮ್ಮಂಥವರು ತುಂಬಾ ಜನ ಊರಿಂದ ಅಪ್ಪನ ಕಾರು ತಂದು ಓಡಿಸ್ತಿದ್ದೀರಿ, ಹಾಗಾಗಿ ಕೇಳಿ. ನಂಗೆ 65,000 ರೂಪಾಯಿ ಹೋಗೋದ್ರಲ್ಲಿತ್ತು.

ಕಾರು 2011ರದ್ದು. ಪೆಟ್ರೋಲ್, 1.5 ಲೀಟರ್, ನಾಲ್ಕು ಸಿಲಿಂಡರ್. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಈ ರೋಗ ಒಂದೇ ಕಂಪನಿಯದ್ದಲ್ಲ. ಅಪ್ಪ ರಿಟೈರ್ ಆದಾಗ ಧಾರವಾಡದಲ್ಲಿ ತೊಗೊಂಡಿದ್ರು. ಕಣ್ಣಿನ ಆಪರೇಷನ್ ಆದ್ಮೇಲೆ ಓಡಿಸೋದು ಬಿಟ್ಟು ಕೀಲಿ ನನ್ನ ಕೈಗಿಟ್ರು. ಕೆಎ-25 ನಂಬರಿನ ಗಾಡಿ ಮಹಾರಾಷ್ಟ್ರದಲ್ಲಿ ಓಡಿಸೋಕೆ ನಾನು ಪಟ್ಟ ಪಾಡು ಇನ್ನೊಂದು ವಿಡಿಯೋಗೆ ಸಾಕಾಗತ್ತೆ, ಬಿಡಿ.

ದೀಪಾವಳಿಗೆ ಊರಿಗೆ ಹೊರಟಿದ್ವಿ. ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕಲ್ಲ, ಅಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಜಗ್ಗೋಕೆ ಶುರು. ಚೆಕ್ ಎಂಜಿನ್ ಲೈಟ್ ಬರೀ ಹತ್ತಿದ್ದಲ್ಲ, ಮಿಣುಕ್ತಾ ಇತ್ತು. ಇದು ನೆನಪಿಟ್ಕೊಳ್ಳಿ. ಸುಮ್ನೆ ಹತ್ತಿದ್ರೆ ನಿಧಾನಕ್ಕೆ ತೋರಿಸಬಹುದು. ಮಿಣುಕಿದ್ರೆ ಸಾಮಾನ್ಯವಾಗಿ ಜೋರು ಮಿಸ್‌ಫೈರ್ ಅಂತ ಅರ್ಥ. ಸುಡದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ ಅಲ್ಲಿ ಸುಟ್ಟು ಕ್ಯಾಟಲಿಟಿಕ್ ಕನ್ವರ್ಟರ್ ಹಾಳುಮಾಡತ್ತೆ, ಅದರ ಬೆಲೆ ಬೇರೆ ಲೆಕ್ಕ. ಕಾಲು ಹಗುರ ಮಾಡಿ, ನಿಧಾನಕ್ಕೆ ಘಾಟ್ ದಾಟಿ, ಸಾತಾರಾದಲ್ಲಿ ಗಾಡಿ ಬಿಟ್ಟು ಬಸ್ಸಲ್ಲಿ ಊರಿಗೆ ಹೋದ್ವಿ. ಅಪ್ಪ ಏನೂ ಬೈಲಿಲ್ಲ. "ಹ್ಯಾಂಗ ಬಂದಿ, ಗಾಡಿ ಎಲ್ಲಿ?" ಅಂದ್ರು ಅಷ್ಟೆ. ಬೈದಿದ್ರೇ ಚೆನ್ನಾಗಿತ್ತು.

ಗಾಡಿನ ಟೋ ಮಾಡಿಸಿ ವಾಕಡ್ ಹತ್ರದ ಒಂದು ಗ್ಯಾರೇಜಿಗೆ ತಂದೆ. ಹುಡುಗ ನಾಲ್ಕೂ ಕಾಯಿಲ್ ಎತ್ತಿ, ಪಾನಾ ಹಾಕಿ ಎರಡನೇ ಪ್ಲಗ್ ಬಿಚ್ಚಿದ. ಮೇಲಿಂದ ತುದೀವರೆಗೆ ಎಣ್ಣೆ, ತೊಟ್ಟಿಕ್ಕತಾ ಇದೆ. ಮಾಲೀಕರು ತುದಿ ನೋಡಿ ಒಂದೇ ಮಾತು: "ರಿಂಗಾ ಗೇಲ್ಯಾ, ಸಾಹೇಬ." ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು, 65,000. ಗಾಡಿಯ ಬೆಲೆಯೇ ಒಂದೂವರೆ ಲಕ್ಷ ಬಂದ್ರೆ ಹೆಚ್ಚು. ಗುಜರಿಗೆ ಹಾಕೋರ ನಂಬರನ್ನೂ ಅವರೇ ಕೊಟ್ರು.

ಈಗ ಸ್ವಲ್ಪ ಎಂಜಿನ್ ಒಳಗೆ ಹೋಗೋಣ. ಹಳೇ ಮಾರುತಿ 800 ನೆನಪಿದ್ಯಾ? ಅದರಲ್ಲಿ ಪ್ಲಗ್ಗುಗಳು ಎಂಜಿನ್ನಿನ ಪಕ್ಕದಲ್ಲೇ ಕಾಣ್ತಿದ್ವು, ಕೈಹಾಕಿದ್ರೆ ಸಿಗೋವು. ನಮ್ಮ ಕಾರಿನಂಥ 16 ವಾಲ್ವಿನ ಎಂಜಿನ್‌ಗಳಲ್ಲಿ ಪ್ಲಗ್ ನಟ್ಟನಡುವೆ, ಆಳವಾದ ಒಂದು ಕೊಳವೆಯ ತಳದಲ್ಲಿ ಕೂತಿರತ್ತೆ. ಅದನ್ನ ನಾವು ಬಾವಿ ಅನ್ನೋಣ. ಬಾವಿಯ ಸುತ್ತ, ಟ್ಯಾಪೆಟ್ ಕವರ್ ಕೆಳಗೆ, ಕ್ಯಾಮ್‌ಶಾಫ್ಟಿಗೆ ಎಂಜಿನ್ ಆಯಿಲ್ ಚಿಮ್ಮುತ್ತಾನೇ ಇರತ್ತೆ. ಆ ಎಣ್ಣೆ ಬಾವಿಗೆ ಬೀಳದ ಹಾಗೆ ತಡೆಯೋದು ಕವರಿಗೂ ಕೊಳವೆಗೂ ಮಧ್ಯೆ ಇರೋ ಒಂದು ರಬ್ಬರ್ ಬಳೆ. ನಾಲ್ಕು ಪ್ಲಗ್ಗಿಗೆ ನಾಲ್ಕು ಬಳೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಆ ರಬ್ಬರ್ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗತ್ತೆ. ಆಮೇಲೆ ಎಣ್ಣೆ ಹನಿಹನಿಯಾಗಿ ಬಾವಿಗೆ ಇಳಿಯತ್ತೆ, ಕಾಯಿಲ್ಲಿನ ರಬ್ಬರ್ ಬೂಟ್ ನೆನೆದು ಮೆತ್ತಗಾಗತ್ತೆ, ಕಿಡಿ ಪ್ಲಗ್ಗಿನ ತುದಿಗೆ ಹೋಗೋ ಬದಲು ಬೂಟ್ ಸೀಳಿ ಪಕ್ಕದ ಲೋಹಕ್ಕೆ ಹಾರತ್ತೆ. ಏರು ಹತ್ತುವಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಅಲ್ಲಿ ಕಿಡಿ ಹಾರಿಸೋಕೆ ವೋಲ್ಟೇಜ್ ಜಾಸ್ತಿ ಬೇಕು. ಅದಕ್ಕೇ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸುಮ್ನಿದ್ದ ಗಾಡಿ ಘಾಟಲ್ಲಿ ಕೈಕೊಟ್ಟಿದ್ದು.

ಅಂದ್ರೆ ಎಣ್ಣೆ ಎರಡು ಕಡೆಯಿಂದ ಬರಬಹುದು. ಬಾವಿಯಲ್ಲಿ, ಪ್ಲಗ್ಗಿನ ಮೇಲ್ಭಾಗದಲ್ಲಿ ಎಣ್ಣೆ ಇದ್ರೆ ಮೊದಲ ಅನುಮಾನ ಈ ಬಳೆ. ಕೆಳಗೆ, ಕಿಡಿ ಹಾರೋ ತುದಿಯಲ್ಲಿ ಎಣ್ಣೆ ಇದ್ರೆ ಅದು ಸಿಲಿಂಡರ್ ಒಳಗಿಂದ ಬಂದದ್ದು: ರಿಂಗ್, ವಾಲ್ವ್ ಸೀಲ್, ಇಲ್ಲಾ ಪಿಸಿವಿ ವಾಲ್ವ್. ಒಂದು ಸಾವಿರದ ಖರ್ಚು, ಇನ್ನೊಂದು ಎಂಜಿನ್ ಬಿಚ್ಚೋ ಖರ್ಚು.

ನನ್ನ ಪ್ಲಗ್ಗಿನಲ್ಲಿ ಎರಡೂ ಕಡೆ ಎಣ್ಣೆ ಇತ್ತಲ್ಲ? ಅಲ್ಲೇ ನಾನೂ ಮೋಸಹೋದೆ. ಎಂಟೆಕ್ ಮಾಡಿದೀನಿ, ದಿನಾ ಬೇರೆಯವರ ಬಗ್ ಹುಡುಕ್ತೀನಿ, ಆದ್ರೂ ಹೊಳೀಲಿಲ್ಲ. ಆಫೀಸಿನ ಗೆಳೆಯ ಪಿಂಪ್ರಿ ಕಡೆ ಒಬ್ಬ ಮಿಸ್ತ್ರಿ ಹತ್ರ ಕರ್ಕೊಂಡು ಹೋದ. ಅಕ್ಕಲಕೋಟೆ ಕಡೆಯವರು, ಮನೇಲಿ ಕನ್ನಡ. ಪೂರ್ತಿ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಪ್ಲಗ್ ಬಿಚ್ಚೂಕಿಂತ ಮೊದಲ ಕುಣ್ಯಾಗಿನ ಎಣ್ಣಿ ತಗದಿದ್ರೇನ್ರಿ?"

"ಇಲ್ಲ ಕಾಕಾ."

"ಮತ್ತ? ಪ್ಲಗ್ ಮ್ಯಾಲ ಬಂತಂದ್ರ ಎಣ್ಣಿ ಎಲ್ಲಾ ಕೆಳಗ ಹೋತು. ತುದಿ ತೋಯದ ಏನ್ ಮಾಡ್ತದ?"

ನೋಡಿ, ಪ್ಲಗ್ ಸಡಿಲ ಆದ ಕೂಡಲೇ ಬಾವಿಯ ಎಣ್ಣೆ ಮರೆಯ ಸಂದಿಯಿಂದ ಸಿಲಿಂಡರಿಗೆ ಇಳಿದಿದೆ, ದಾರಿಯಲ್ಲಿ ತುದಿಯನ್ನೂ ನೆನೆಸಿದೆ. ಲಾಗ್ ನೋಡೋಕೆ ಮುಂಚೆ ಸರ್ವರ್ ರೀಸ್ಟಾರ್ಟ್ ಮಾಡಿ, ಆಮೇಲೆ ಲಾಗೇ ಇಲ್ಲ ಅಂತೀವಲ್ಲ, ಹಾಗೆ. ಗ್ಯಾರೇಜಿನವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಸಾಕ್ಷಿ ಕೆಡಿಸಿ, ಕೆಟ್ಟ ಸಾಕ್ಷಿಯನ್ನೇ ನಂಬಿದ್ರು.

ಕಾಕಾ ಹೇಳಿದ ಕ್ರಮ ಹೀಗಿತ್ತು. ಎಂಜಿನ್ ಪೂರ್ತಿ ಆರಿರಬೇಕು, ಬಿಸಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ ತಿರುಗಿಸಿದ್ರೆ ಮರೆ ಕಿತ್ತುಬರತ್ತೆ. ಕಾಯಿಲ್ ಎತ್ತಿ ಟಾರ್ಚ್ ಬಿಟ್ಟು ನಾಲ್ಕೂ ಬಾವಿಯ ಫೋಟೋ ತೆಗೀರಿ, ಯಾವುದರಲ್ಲಿ ಎಷ್ಟು ಎಣ್ಣೆ ಅಂತ. ದೊಡ್ಡ ಸಿರಿಂಜಿಗೆ ತೆಳು ಪೈಪ್ ಸಿಕ್ಕಿಸಿ ಎಣ್ಣೆ ಎಳೀರಿ. ಉಳಿದದ್ದನ್ನ ಕಡ್ಡಿಗೆ ಬನಿಯನ್ ವೇಸ್ಟ್ ಸುತ್ತಿ ಒರೆಸಿ. ಬಾವಿ ಒಣಗಿದ ಮೇಲೆ ಪ್ಲಗ್ ಬಿಚ್ಚಿ. ಆಗ ತುದಿ ಹೇಳೋ ಮಾತು ನಂಬಬಹುದು. ನನ್ನ ಒಂದು, ಮೂರು, ನಾಲ್ಕನೇ ಪ್ಲಗ್ಗಿನ ತುದಿ ಒಣಗಿತ್ತು, ತಿಳಿ ಕಂದು ಬಣ್ಣ. ಮೂರನೇ ಬಾವೀಲಿ ಎಣ್ಣೆ ಇದ್ರೂ ತುದಿ ಒಣಗೇ ಇತ್ತು.

ಎರಡನೇದರ ಸಾಕ್ಷಿ ಕೆಟ್ಟಿತ್ತಲ್ಲ, ಅದಕ್ಕೆ ಕಂಪ್ರೆಷನ್ ಟೆಸ್ಟ್. ಅದನ್ನೂ ತಕ್ಷಣ ಮಾಡಲಿಲ್ಲ. ಸಿಲಿಂಡರಿಗೆ ಎಣ್ಣೆ ಬಿದ್ದಿದ್ರೆ ರಿಂಗಿನ ಸಂದಿ ಮುಚ್ಚಿ ಒತ್ತಡ ಸುಳ್ಳು ಜಾಸ್ತಿ ತೋರಿಸತ್ತೆ. ಕಾಕಾ ಹತ್ರ ಇದ್ದ ಹಳೇ ಕಾಯಿಲ್ ಹಾಕಿ ಎರಡು ದಿನ ಓಡಿಸಿ ಆಮೇಲೆ ಅಳೆದ್ವಿ: 170, 165, 172, 168 ಪಿಎಸ್‌ಐ. ರಿಂಗ್ ಹೋಗಿದ್ರೆ ಎರಡನೇದು ಎದ್ದು ಕಾಣುವಷ್ಟು ಕಡಿಮೆ ಇರ್ತಿತ್ತು, ಒಂದು ಚಮಚ ಎಣ್ಣೆ ಬಿಟ್ರೆ ಮೇಲೇರ್ತಿತ್ತು. ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಇಲ್ಲ.

ಓಬಿಡಿ ಡಾಂಗಲ್ ಇರೋರಿಗೆ ಒಂದು ಮಾತು. ಪಿ0302 ಅಂತ ಬಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್. ಕಾಯಿಲ್ಲನ್ನ ಮೂರಕ್ಕೆ ಬದಲಾಯಿಸಿ ಪಿ0303 ಬಂದ್ರೆ ಕಾಯಿಲ್ ಕೆಟ್ಟಿದೆ. ಸರಿನೇ, ಆದ್ರೆ ಯಾಕೆ ಕೆಟ್ಟಿತು ಅಂತ ಅದು ಹೇಳಲ್ಲ. ನಾನು ಹಿಂದಿನ ವರ್ಷ ಇದೇ ಪರೀಕ್ಷೆ ಮಾಡಿ, ಇದೇ ಎರಡನೇ ಕಾಯಿಲ್ ಹೊಸದು ಹಾಕಿ, ಬಾವಿಯೊಳಗೆ ಇಣುಕದೆ ಟಿಕೆಟ್ ಕ್ಲೋಸ್ ಮಾಡಿದ್ದೆ.

ರಿಪೇರಿ ಅರ್ಧ ದಿನದ್ದು. ನಾನಾ ಪೇಠಿನಲ್ಲಿ ಟ್ಯಾಪೆಟ್ ಕವರ್ ಪ್ಯಾಕಿಂಗ್, ನಾಲ್ಕು ಬಳೆ ಸೇರಿ 1,150 ರೂಪಾಯಿ. ಹಳೇ ಬಳೆ ಕೈಯಲ್ಲಿ ಬಗ್ಗಿಸಿದ್ರೆ ಪಟ್ ಅಂತ ಮುರೀತು. ಪಿಸಿವಿ ವಾಲ್ವ್ ಕೂಡ ಬದಲಾಯಿಸಿದ್ವಿ. ಅದು ಕಟ್ಟಿಕೊಂಡ್ರೆ ಒಳಗಿನ ಒತ್ತಡ ಹೊಸ ಸೀಲನ್ನೂ ತಳ್ಳತ್ತೆ. ಕವರ್ ಬೋಲ್ಟನ್ನ ಮಧ್ಯದಿಂದ ಹೊರಗೆ, ಸ್ವಲ್ಪಸ್ವಲ್ಪವೇ ಬಿಗಿದ್ರು. ಜಾಸ್ತಿ ಬಿಗಿದ್ರೆ ಸೋರಲ್ಲ ಅನ್ನೋದು ತಪ್ಪು, ಕವರ್ ಸೊಟ್ಟಗಾಗಿ ಇನ್ನೂ ಸೋರತ್ತೆ. ಹೊಸ ಕಾಯಿಲ್, ನಾಲ್ಕು ಪ್ಲಗ್, ಕಾಕಾ ಕೂಲಿ ಎಲ್ಲಾ ಸೇರಿ 7,800.

ಒಂದು ವಾರ ಬಿಟ್ಟು ನೋಡಿದ್ರೆ ಮೂರನೇ ಬಾವಿಯ ತಳದಲ್ಲಿ ಮತ್ತೆ ತೇವ. ಎದೆ ಧಸಕ್ ಅಂತು. ಕೆಲವು ಎಂಜಿನ್ನಲ್ಲಿ ಕೊಳವೆಯ ಕೆಳಗಿನ ಜೋಡಣೆಯೂ ಸೋರತ್ತೆ, ಅದು ದೊಡ್ಡ ಕೆಲಸ. ಒರೆಸಿ, ಟಿಶ್ಯೂ ಇಳಿಸಿ ಫೋಟೋ ತೆಗೆದು, 300 ಕಿಲೋಮೀಟರ್ ಆದ್ಮೇಲೆ ಮತ್ತೆ ಇಳಿಸಿದೆ. ಒಣಗಿತ್ತು. ಹಳೇ ಎಣ್ಣೆಯೇ ಸಂದಿಯಲ್ಲಿ ಉಳಿದಿತ್ತು ಅನ್ಸತ್ತೆ.

ಸಂಕ್ರಾಂತಿಗೆ ಖಂಬಾಟ್ಕಿಯನ್ನ ಮೂರನೇ ಗೇರಿನಲ್ಲೇ ಹತ್ತಿದ್ವಿ. ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಬಂದು, ಎಂಜಿನ್ ಬಂದ್ ಮಾಡಬ್ಯಾಡ ಅಂತ ಕೈಸನ್ನೆ ಮಾಡಿ, ಬಾನೆಟ್ ಹತ್ರ ನಿಂತು ಸ್ವಲ್ಪ ಹೊತ್ತು ಕೇಳಿಸ್ಕೊಂಡ್ರು. ಆಮೇಲೆ, "ಛಲೋ ಐತಿ. ನಾಳೆ ಹುಬ್ಬಳ್ಳಿಗೆ ಹೋಗೂಣು," ಅಂದ್ರು.