ನಾವು ಬಿಟ್ಟು ಹೋಗುವುದೇನು?

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಯಾವ ವಿಷಯದ ಮೇಲೆ ಮಾತಾಡಲಿ ಎಂದು ಕೇಳಿದಾಗ, ‘ನಾವು ಹೋದ ಮ್ಯಾಲೆ ನಮ್ಮದು ಅಂತ ಏನು ಉಳೀಬೇಕು, ಅದರ ಬಗ್ಗೆ ಹೇಳ್ರಿ ಮೇಡಂ’ ಎಂದರು. ಅದನ್ನು ಕೇಳಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಆಯಿ ಈಗಷ್ಟೇ ನಕ್ಕರು. ‘ನಮ್ಮದೇನು ಉಳೀತದ ಯವ್ವಾ, ನಾಕು ಭಾಂಡೆ, ಎರಡು ಕೌದಿ’ ಎಂದರು.

ಆಯಿಯ ಮಾತಿನಿಂದಲೇ ಶುರು ಮಾಡುತ್ತೇನೆ. ನನ್ನ ಅವ್ವ ತೀರಿಕೊಂಡಾಗ ನನ್ನ ಪಾಲಿಗೆ ಬಂದದ್ದೂ ಒಂದು ಕೌದಿಯೇ. ಅದರಲ್ಲಿ ಅವಳ ಮದುವೆ ಸೀರೆಯ ಸೆರಗಿದೆ, ಅಪ್ಪನ ಧೋತರದ ತುಂಡಿದೆ, ನಾನು ಸಾಲಿಗೆ ಹಾಕಿಕೊಂಡು ಹೋಗುತ್ತಿದ್ದ ಲಂಗದ ಚೂರಿದೆ. ಚಳಿಗಾಲದಲ್ಲಿ ಈಗಲೂ ಅದನ್ನೇ ಹೊದೆಯುತ್ತೇನೆ. ಆದರೆ ಅವ್ವ ನಲವತ್ತು ವರ್ಷ ಕಳೆ ತೆಗೆದು, ಜೋಳ ಕೊಯ್ದು, ತೊಗರಿ ಬಡಿದ ಭೀಮಾ ದಂಡೆಯ ಎಂಟು ಎಕರೆ ಹೊಲದ ಪಹಣಿಯಲ್ಲಿ ಅವಳ ಹೆಸರು ಒಂದು ದಿನವೂ ಇರಲಿಲ್ಲ.

ನಾನು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಹಳ್ಳಿಯಲ್ಲಿ. ಕೊಟ್ಟದ್ದು ಆಳಂದ ಕಡೆಗೆ. ಅನ್ನ ತಿಂದದ್ದು ಜೇವರ್ಗಿಯಲ್ಲಿ ಪಾಠ ಹೇಳಿ. ಹಾಗಾಗಿ ಮೂರೂ ತಾಲ್ಲೂಕಿನವರು ನನ್ನನ್ನು ನಮ್ಮವಳು ಎನ್ನಬಹುದು, ಬೇಕಾದರೆ ಬೈಯಲೂಬಹುದು. ಬೈಸಿಕೊಳ್ಳುವ ಸಂಗತಿಯನ್ನೇ ಇಂದು ಹೇಳಲು ಬಂದಿದ್ದೇನೆ.

ಅಪ್ಪ 2006ರಲ್ಲಿ ತೀರಿಕೊಂಡರು. ಮರುವರ್ಷ ಅಣ್ಣ ಬಂದು, ‘ಒಂದು ಸಹಿ ಹಾಕಿ ಹೋಗು ತಂಗಿ, ವಾರಸಾ ಮಾಡಿಸಬೇಕು’ ಎಂದ. ಅದು ಹಕ್ಕು ಬಿಡುಗಡೆ ಪತ್ರ ಎಂದು ನನಗೆ ಗೊತ್ತಿರಲಿಲ್ಲವೇ? ಎಂ.ಎ. ಓದಿದವಳು, ಕಾಲೇಜಿನಲ್ಲಿ ಹುಡುಗಿಯರಿಗೆ ಸಮಾನತೆಯ ಪಾಠ ಹೇಳುವವಳು, ಒಂದೊಂದು ಸಾಲನ್ನೂ ಓದಿಯೇ ಸಹಿ ಹಾಕಿದೆ. ಅವ್ವ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಅಣ್ಣ ನನಗೆ ಒಂದು ಇಳಕಲ್ ಸೀರೆ, ಎರಡು ಡಜನ್ ಬಳೆ ಕೊಡಿಸಿದ. ‘ತವರು ಮುರಿಯಬಾರದು’ ಎಂದು ಎಲ್ಲರ ಮುಂದೆ ನಾನೇ ಹೇಳಿದೆ. ನನ್ನ ಮಗಳು ಅಂದು ನನ್ನ ಜೊತೆ ಬಂದಿದ್ದಳು, ಇಪ್ಪತ್ತು ವರ್ಷದವಳು.

ಈ ಹಕ್ಕಿನ ಕತೆ ನಮ್ಮ ಜಿಲ್ಲೆಯದೇ ಎಂಬುದು ನಿಮಗೆ ಗೊತ್ತಿರಲಿ. ಮರತೂರು ವಿಜ್ಞಾನೇಶ್ವರನ ಊರೆಂದು ನಾವು ಹೆಮ್ಮೆಪಡುತ್ತೇವೆ. ಸುಮಾರು ಒಂಬೈನೂರು ವರ್ಷದ ಹಿಂದೆ, ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅವನು ‘ಮಿತಾಕ್ಷರ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಮಾತು ಅದರ ಬಲದಿಂದ ದೇಶದ ಬಹುಭಾಗದಲ್ಲಿ ಕಾನೂನಾಗಿ ನಿಂತಿತು. ಅದೇ ಗ್ರಂಥ ಸ್ತ್ರೀಧನದ ಅರ್ಥವನ್ನು ಬಹಳ ವಿಶಾಲವಾಗಿ ಹೇಳಿದೆ ಎಂಬುದನ್ನು ಮಾತ್ರ ಯಾರೂ ನಮಗೆ ಹೇಳಲಿಲ್ಲ. ಬೇಕಾದದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ಮರೆಯುವುದು ಗಂಡಸರ ಶಾಸ್ತ್ರ.

ನಮ್ಮ ರಾಜ್ಯದಲ್ಲಿ 1994ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1985ರದು, ಹಾಗಾಗಿ ನಾನು ಹೊರಗೆ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರನ್ನೂ ಒಳಗೆ ಕರೆಯಿತು. ಹೆಣ್ಣುಮಕ್ಕಳಿಗೆ ಈ ಹಕ್ಕು ಸಿಗಲು ಅಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದರೆ ನಾನು ಸಹಿ ಹಾಕಿದಾಗ ಕಾನೂನು ನನ್ನ ಕಡೆಗೇ ಇತ್ತು. ಇಲ್ಲದ್ದು ಧೈರ್ಯ.

ಇನ್ನು ಮಗಳ ಮದುವೆಯ ಮಾತು. 2010ರಲ್ಲಿ ಮಾಡಿದೆವು. ‘ಹುಂಡಾ ಏನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರಿ ಹಾಕ್ರಿ’ ಎಂದರು ಬೀಗರು. ಈ ಮಾತಿನ ಅರ್ಥ ಇಲ್ಲಿ ಕುಳಿತ ಯಾರಿಗೆ ಗೊತ್ತಿಲ್ಲ? ಹದಿನೈದು ತೊಲಿ ಬಂಗಾರ ಹಾಕಿದೆವು, ಅಳಿಯನಿಗೆ ಮೋಟಾರ್ ಸೈಕಲ್ಲು, ಮೇಲೆ ರೊಕ್ಕ. ಕಾಲೇಜಿನಲ್ಲಿ ವರದಕ್ಷಿಣೆ ವಿರೋಧಿ ಭಾಷಣಸ್ಪರ್ಧೆಗೆ ತೀರ್ಪುಗಾರಳಾಗಿದ್ದ ನಾನೇ ಇದಕ್ಕೆಲ್ಲ ಆಯೇರಿ ಎಂದು ಹೆಸರಿಟ್ಟೆ. 1961ರ ಕಾಯಿದೆಯ ಪ್ರಕಾರ ತೆಗೆದುಕೊಂಡವರಷ್ಟೇ ಕೊಟ್ಟವರೂ ಅಪರಾಧಿಗಳು.

ಮೂರು ವರ್ಷಕ್ಕೆ ಮಗಳು ಒಂದು ವರ್ಷದ ಕೂಸನ್ನು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬಂದಳು. ಬಲಗೈ ಊದಿತ್ತು. ಎರಡನೆಯ ತಿಂಗಳಿನಿಂದಲೇ ಹೊಡೆತ ಶುರುವಾಗಿತ್ತಂತೆ. ‘ಇಷ್ಟು ದಿನ ಯಾಕ ಹೇಳಲಿಲ್ಲ?’ ಎಂದು ಕೇಳಿದೆ. ಅವಳು ಅಳಲಿಲ್ಲ. ‘ಕಚೇರಿಯಾಗ ನೀ ಸಹಿ ಮಾಡುವಾಗ ನಾ ಬಾಜೂಕೇ ನಿಂತಿದ್ದೆ ಅವ್ವ. ಮುರೀಬಾರದು ಅಂತ ನೀನೇ ಅಂದಿದ್ದಿ’ ಎಂದಳು.

ನಾನು ಸತ್ತ ಮೇಲೆ ಏನು ಬಿಟ್ಟು ಹೋಗಬೇಕು ಎಂದು ನೀವು ಕೇಳಿದಿರಿ. ಬದುಕಿರುವಾಗಲೇ ಏನು ಬಿಟ್ಟಿದ್ದೇನೆ ಎಂಬುದು ನನಗೆ ಆ ರಾತ್ರಿ ಗೊತ್ತಾಯಿತು.

ಬಂಗಾರ ವಾಪಸು ಕೇಳಲು ಹೋದಾಗ ‘ಯಾವ ಬಂಗಾರ?’ ಎಂದರು. ಸ್ತ್ರೀಧನ ಹೆಣ್ಣಿನ ಸ್ವಂತ ಸ್ವತ್ತು, ಗಂಡನ ಮನೆಯವರು ಅದನ್ನು ಜೋಪಾನ ಮಾಡುವವರು ಮಾತ್ರ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಅದನ್ನು ಹಿಂದಿರುಗಿಸಿ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಎಲ್ಲ ಸರಿ, ಪುರಾವೆ ಎಲ್ಲಿ? ನಮ್ಮ ಮದುವೆಗಳಲ್ಲಿ ಹಂದರದ ಮೂಲೆಯಲ್ಲಿ ಒಬ್ಬರು ವಹಿ ಹಿಡಿದು ಕುಳಿತಿರುತ್ತಾರೆ. ಯಾರು ನೂರು ರೂಪಾಯಿ ಮುಯ್ಯಿ ಮಾಡಿದರು, ಯಾರು ಜಂಪರ್ ಖಣ ತಂದರು, ಎಲ್ಲಾ ಬರೆಯುತ್ತಾರೆ. ಮದುಮಗಳ ಮೈಮೇಲಿನ ಬಂಗಾರವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಮದುವೆಯ ಉಡುಗೊರೆಗಳ ಪಟ್ಟಿ ಮಾಡಿ, ಯಾರು ಕೊಟ್ಟರು, ಬೆಲೆ ಎಷ್ಟು ಎಂದು ಬರೆದು, ವಧೂವರರು ಸಹಿ ಹಾಕಬೇಕು ಎಂಬ ನಿಯಮ 1985ರಿಂದಲೇ ಇದೆ. ನಾವು ಮಾಡಿರಲಿಲ್ಲ. ಹಿರಿಯರು ಕೂತು ಪಂಚಾಯಿತಿ ಮಾಡಿ ಹದಿನೈದರಲ್ಲಿ ಆರು ತೊಲಿ ಕೊಡಿಸಿದರು. ಮಗಳು ಅದನ್ನು ಮಾರಿ ಬಿ.ಎಡ್. ಮಾಡಿದಳು. ಈಗ ಕಲಬುರಗಿಯಲ್ಲಿ ಪಾಠ ಹೇಳುತ್ತಾಳೆ.

ಮಗನ ಮದುವೆಯಲ್ಲಿ ಒಂದು ರೂಪಾಯಿ ಮುಟ್ಟಲಿಲ್ಲ. ಹುಡುಗಿಯ ತಂದೆಗೆ ಅನುಮಾನ ಬಂದು, ಹುಡುಗನಿಗೆ ಏನಾದರೂ ರೋಗ ಇದೆಯೇ ಎಂದು ನಮ್ಮ ನೆರೆಮನೆಯವರನ್ನು ವಿಚಾರಿಸಿದ್ದರು! ಇದನ್ನು ದೊಡ್ಡ ಸಾಧನೆ ಎನ್ನಲಾರೆ. ಮಗಳ ಕೈ ಊದಿದ ಮೇಲೆ ಬಂದ ಬುದ್ಧಿ.

ಹೋದ ವರ್ಷ ನನ್ನ ಮೃತ್ಯುಪತ್ರ ಬರೆದೆ. ಮನೆಯಲ್ಲಿ ದೊಡ್ಡ ಗಲಾಟೆ. ‘ಇಷ್ಟು ಲಗೂ ಸಾಯೋ ಮಾತು ಯಾಕ’ ಎಂದು ನಮ್ಮವರು ಎರಡು ದಿನ ಮಾತು ಬಿಟ್ಟರು. ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ ಕಟ್ಟಿಸಿದ ಮನೆ ಮಗನಿಗೂ ಮಗಳಿಗೂ ಸಮ ಪಾಲು. ಅಷ್ಟೇ. ಒಂದೂವರೆ ಪುಟ.

ಬರೆಯದಿದ್ದರೆ ಏನಾಗುತ್ತದೆ? ಹಿಂದೂ ಹೆಣ್ಣುಮಗಳು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮ ಪಾಲು. ಅವರು ಯಾರೂ ಇಲ್ಲದಿದ್ದರೆ, ಅವಳು ಸ್ವತಃ ದುಡಿದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ. ತಂದೆತಾಯಿಯ ಸರದಿ ಆಮೇಲೆ. ಸುಪ್ರೀಂ ಕೋರ್ಟಿನ 2009ರ ಒಂದು ತೀರ್ಪು ಕೇಳಿ. 1955ರಲ್ಲಿ ಮದುವೆಯಾದ ಹೆಣ್ಣುಮಗಳು. ಮೂರು ತಿಂಗಳಿಗೆ ಗಂಡ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ನೌಕರಿ ಮಾಡಿದಳು, 1996ರಲ್ಲಿ ತೀರಿಕೊಂಡಳು. ಮೃತ್ಯುಪತ್ರ ಇರಲಿಲ್ಲ. ಅವಳು ದುಡಿದ ಹಣ ಯಾರಿಗೆ ಹೋಯಿತು? ಹೊರಗೆ ಹಾಕಿದ ಮನೆಯ ಕಡೆಯವರಿಗೆ, ಗಂಡನ ಅಕ್ಕತಂಗಿಯ ಮಕ್ಕಳಿಗೆ. ಅನುಕಂಪದಿಂದ ಕಾನೂನು ಬದಲಾಗುವುದಿಲ್ಲ ಎಂಬುದು ಕೋರ್ಟಿನ ನಿಲುವು. ಒಂದು ಹಾಳೆ ಬರೆದಿದ್ದರೆ ಸಾಕಿತ್ತು. ಮಕ್ಕಳಿಲ್ಲದ ಅಕ್ಕಂದಿರು, ಗಂಡ ಬಿಟ್ಟವರು ಈ ಸಭೆಯಲ್ಲೂ ಇದ್ದೀರಿ. ನಿಮಗಾಗಿಯೇ ಇದನ್ನು ಇಷ್ಟು ಹೇಳಿದೆ.

ಮೃತ್ಯುಪತ್ರಕ್ಕೆ ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಅದನ್ನು ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಜಾಣತನ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಹರಿದು ಬೇರೆ ಬರೆಯಿರಿ, ಕೊನೆಯದೇ ನಡೆಯುತ್ತದೆ. ಆಳಂದದ ಮುಸ್ಲಿಂ ಅಕ್ಕಂದಿರಿಗೆ ನಿಯಮ ಬೇರೆ: ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ವಸಿಯತ್ ಮಾಡುವಂತಿಲ್ಲ. ಆದರೆ ಮೆಹರ್ ನಿಮ್ಮದೇ, ಅದನ್ನು ಬರೆದಿಡಿ. ಇನ್ನೊಂದು ಮಾತು, ಪಾಸ್‌ಬುಕ್ಕಿನಲ್ಲಿ ನಾಮಿನಿ ಎಂದು ಬರೆದವರು ಹಣದ ಮಾಲೀಕರಲ್ಲ. ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವರು.

ನನ್ನ ಮೃತ್ಯುಪತ್ರವನ್ನು ಹದಿಮೂರು ವರ್ಷದ ಮೊಮ್ಮಗಳು ಓದಿದಳು. ‘ಆಯಿ, ಮುತ್ತಜ್ಜಿ ಕೌದಿ ಯಾರಿಗೆ ಅಂತ ಬರೆದೇ ಇಲ್ಲಲ್ಲ?’ ಎಂದಳು. ಹೌದು, ಮರೆತಿದ್ದೆ. ಅವಳಿಗೂ ಬೇಕಂತೆ, ಮಗನ ಮಗನಿಗೂ ಬೇಕಂತೆ. ಇನ್ನೂ ತೀರ್ಮಾನ ಮಾಡಿಲ್ಲ.

ಚಹಾ ಬಂದಿದೆ. ಕುಡಿದ ಮೇಲೆ ನಾನು ಇಲ್ಲೇ ಕೂರುತ್ತೇನೆ. ಹಾಳೆ, ಪೆನ್ನು, ಹೆಬ್ಬೆಟ್ಟಿನ ಮಸಿ ತಂದಿದ್ದೇನೆ. ಮೃತ್ಯುಪತ್ರಕ್ಕೆ ಅವಸರವಿಲ್ಲ, ಮೊದಲು ನಿಮ್ಮ ನಿಮ್ಮ ಬಂಗಾರದ, ಭಾಂಡೆಯ ಪಟ್ಟಿ ಬರೆಯೋಣ. ಹಿಂದಿನ ಸಾಲಿನ ಆಯಿ, ನೀವು ಮೊದಲು ಬನ್ನಿ. ನಾಲ್ಕು ಭಾಂಡೆ, ಎರಡು ಕೌದಿ. ಹೇಳಿ, ನಾನು ಬರೆದುಕೊಳ್ಳುತ್ತೇನೆ.